ಚಂಚಲ ಅವಧಾನದ ಪೂರ್ವಚರಿತ್ರೆ

1798ರಲ್ಲಿ ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಚಿತ್ತವಿಕಾರಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಅವಧಾನಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿರಿಸಿ, ನಾಯಿ ಬೊಗಳಿದರೆ, ಬಾಗಿಲು ಥಟ್ಟನೆ ಮುಚ್ಚಿಕೊಂಡರೆ, ಕೋಣೆಯಲ್ಲಿ ಯಾರಾದರೂ ಅತ್ತಿತ್ತ ನಡೆದಾಡಿದರೆ, ಕಡೆಗೆ ಬೆಳಕು ತುಸು ಹೆಚ್ಚುಕಡಮೆಯಾದರೂ ಕೈಗೊಂಡ ಕಾರ್ಯದಿಂದ ಮನಸ್ಸು ಕದಲಿಹೋಗುವ ಜನರ ಸ್ಥಿತಿಯನ್ನು ಬಣ್ಣಿಸಿದನು. ಇಂದು ಎಡಿಎಚ್‌ಡಿ ಎನ್ನಿಸಿಕೊಳ್ಳುವ ಅವಸ್ಥೆಗೆ ಈ ವರ್ಣನೆ ಅದೆಷ್ಟು ಸಮೀಪವಾಗಿದೆಯೆಂದು ವಿಸ್ಮಯವಾಗುತ್ತದೆ. ಆದರೆ ಹುಟ್ಟಿನಿಂದಲೇ ಬಂದ ಈ ದೌರ್ಬಲ್ಯವು ವಯಸ್ಸು ಏರಿದಂತೆ ಸಾಮಾನ್ಯವಾಗಿ ಕುಗ್ಗುವುದೆಂದೂ ಅವನು ಬರೆದಿದ್ದನು. ಅಧ್ಯಾಯವನ್ನು ಲೋಕವು ಮರೆಯಿತು, ಅಭಿಪ್ರಾಯವೇನೋ ಉಳಿಯಿತು.

1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಉಪನ್ಯಾಸಗಳಲ್ಲಿ ವಿವರಿಸಿದವರೂ, 1937ರಲ್ಲಿ ರೋಡ್ ಐಲೆಂಡಿನ ಚಾರ್ಲ್ಸ್ ಬ್ರಾಡ್ಲಿ ಬೆನ್ಜೆಡ್ರಿನ್ ಔಷಧವಿತ್ತು ಪಾಠದಲ್ಲಿ ನೆಲೆನಿಲ್ಲಿಸಿದವರೂ ಮಕ್ಕಳೇ. 1968ರ ಅಮೆರಿಕದ ಮನೋವೈದ್ಯರ ಕೈಪಿಡಿಯಂತೂ ವ್ಯಾಧಿಯ ಹೆಸರಿನಲ್ಲಿಯೇ ಬಾಲ್ಯವನ್ನು ಸೇರಿಸಿ, ಹದಿಹರೆಯದಲ್ಲಿ ಅದು ಪ್ರಾಯಶಃ ತಗ್ಗುವುದೆಂದು ನುಡಿಯಿತು. ಹೀಗಾಗಿ ನಲವತ್ತರ ವಯಸ್ಸಿನಲ್ಲಿಯೂ ಕಾಗದಪತ್ರಗಳನ್ನು ಕಳೆದುಕೊಳ್ಳುತ್ತ, ಹಿಡಿದ ಕೆಲಸವನ್ನು ಅರ್ಧದಲ್ಲಿಯೇ ಬಿಡುತ್ತ ಬಂದವನಿಗೆ ವೈದ್ಯಶಾಸ್ತ್ರದಲ್ಲಿ ಎಡೆಯಿರಲಿಲ್ಲ. ಸೋಮಾರಿಯೆಂಬ ಬಿರುದು ಮಾತ್ರ ಸುಲಭವಾಗಿ ದೊರಕುತ್ತಿತ್ತು.

ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಯೂಟಾ ವಿಶ್ವವಿದ್ಯಾಲಯದ ಪಾಲ್ ವೆಂಡರ್ ಮತ್ತು ಅವನ ಸಂಗಡಿಗರು ಪ್ರಮುಖರು. 1976ರಲ್ಲಿ ಅವರು ಪ್ರಕಟಿಸಿದ ಲೇಖನವು ವಯಸ್ಕರನ್ನೇ ಕುರಿತದ್ದು. ಎದುರಿಗೆ ಕುಳಿತ ರೋಗಿಯ ಇಂದಿನ ಬಾಧೆಯನ್ನಷ್ಟೇ ಕೇಳಿ ತೃಪ್ತರಾಗದೆ ಅವನ ಬಾಲ್ಯವನ್ನು ಕೆದಕಿದುದು, ಸಾಧ್ಯವಾದೆಡೆಯಲ್ಲಿ ಹೆತ್ತವರ ಸಾಕ್ಷ್ಯವನ್ನೂ ಪಡೆದುದು ಅವರ ವಿಧಾನದ ಹಿರಿಮೆ. ವೈದ್ಯನಿಲ್ಲಿ ಚರಿತ್ರಕಾರನಾಗುತ್ತಾನೆ. 1980ರ ಕೈಪಿಡಿಯು ವಯಸ್ಕನಿಗೆ ಸ್ಥಾನವಿತ್ತಿತಾದರೂ ಅದು ಬಾಲ್ಯವ್ಯಾಧಿಯ ‘ಶೇಷ’ವೆಂಬ ಜಿಪುಣ ಸ್ಥಾನ. 1993ರಲ್ಲಿ ಯೂಟಾ ತಂಡವು ಬಾಲ್ಯದ ನೆನಪುಗಳನ್ನೇ ಕುರಿತ 61 ಪ್ರಶ್ನೆಗಳ ಪಟ್ಟಿಯೊಂದನ್ನು ಹೊರತಂದಿತು.

ಇಂದು ಹೆಚ್ಚು ಬಳಕೆಯಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ರೊನಾಲ್ಡ್ ಕೆಸ್ಲರ್ ಮತ್ತಿತರರು ಸಿದ್ಧಪಡಿಸಿ 2005ರಲ್ಲಿ ಪ್ರಕಟಿಸಿದ 18 ಪ್ರಶ್ನೆಗಳ ಪತ್ರಿಕೆ. ಅದರ ಮೊದಲ 6 ಪ್ರಶ್ನೆಗಳೇ ಪ್ರಾಥಮಿಕ ಶೋಧನೆಗೆ ಸಾಕು. ಕೆಲಸದ ಕೊನೆಯ ವಿವರಗಳನ್ನು ಮುಗಿಸುವುದು ಕಷ್ಟವೇ, ಒಪ್ಪಿಕೊಂಡ ಭೇಟಿಗಳು ಮರೆತುಹೋಗುತ್ತವೆಯೇ ಎಂದು ಅದು ವಿಚಾರಿಸುತ್ತದೆ. ಆದರೆ ಅದು ಕೇಳುವುದು ಕಳೆದ 6 ತಿಂಗಳುಗಳ ಸಂಗತಿಯನ್ನು. ನಿದ್ರಾಹೀನತೆ, ಉದ್ವೇಗ, ಖಿನ್ನತೆ, ಥೈರಾಯ್ಡ್ ದೋಷ ಇವುಗಳಿಂದ ಪೀಡಿತನಾದವನೂ ಅದಕ್ಕೆ ಹೌದೆಂದೇ ಉತ್ತರಿಸಬಹುದು. ಜರಡಿಯ ಕೆಲಸ ಜರಡಿಯದು, ತೀರ್ಪು ಅದರದಲ್ಲ. ಆದುದರಿಂದಲೇ ಮನೋವೈದ್ಯನು ಪತ್ರಿಕೆಯನ್ನು ಬದಿಗಿಟ್ಟು, ಮನೆಯಲ್ಲಿಯೂ ಕಚೇರಿಯಲ್ಲಿಯೂ ತೊಡಕು ಕಾಣುತ್ತದೆಯೇ ಎಂದು ಪರೀಕ್ಷಿಸಿ, ಸಂಗಾತಿಯನ್ನು ಮಾತನಾಡಿಸಿ, ಶಾಲೆಯ ಹಳೆಯ ಪ್ರಗತಿಪತ್ರಗಳಿದ್ದರೆ ತರಿಸಿ ನೋಡುತ್ತಾನೆ. ಲಕ್ಷಣಗಳು 7 ವರ್ಷಕ್ಕೆ ಮುನ್ನ ತೋರಿರಬೇಕೆಂಬ ಹಳೆಯ ನಿಯಮವನ್ನು 2013ರ ಕೈಪಿಡಿಯು 12ಕ್ಕೆ ಸಡಿಲಿಸಿತು. ಬೆಳೆದವರ ಸ್ಮೃತಿಯು ಅಷ್ಟು ಹಿಂದಕ್ಕೆ ನಂಬಿಕೆಗೆ ಅರ್ಹವಾಗಿ ಸಾಗದೆಂಬುದೂ ಅದಕ್ಕೊಂದು ಕಾರಣ.