ಪಾಪದಿಂದ ಬಿಡುಗಡೆ: ಕನ್ನಡ ಕ್ರೈಸ್ತ ಚಿಂತನೆ ನಡೆದ ದಾರಿ

ಉಚ್ಚಂಗೆಮ್ಮನಿಗೆ ಹರಕೆ ತೀರಿಸಲು ಬೆಟ್ಟ ಹತ್ತುವ, ಕೊಟ್ಟೂರಿನ ತೇರಿಗೆ ಕೈಹಚ್ಚುವ, ಮೈಲಾರದ ಕಾರಣಿಕಕ್ಕೆ ಕಿವಿಗೊಡುವ ಸೀಮೆಗೆ ಪಾಪ-ಪುಣ್ಯದ ಮಾತು ಹೊಸದಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬುದು ಇಲ್ಲಿಯ ನಿತ್ಯದ ನುಡಿ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಸಾರಿದ್ದು ಅದಕ್ಕೆ ತೀರ ವಿರುದ್ಧವಾದುದನ್ನು: ಪಾಪ ಮಾಡಿದವನು ತಾನೇ ಉಣ್ಣಬೇಕಿಲ್ಲ, ಅವನ ಪಾಲಿನದನ್ನು ಕ್ರಿಸ್ತ ಶಿಲುಬೆಯ ಮೇಲೆ ಹೊತ್ತಿದ್ದಾನೆ.

ಕನ್ನಡ ನೆಲಕ್ಕೆ ಈ ಬೋಧನೆ ಮೊದಲು ತಲುಪಿದ್ದು ಹ್ಯಾಂಡ್ಸ್ ಅವರಿಂದಲ್ಲ. 17ನೇ ಶತಮಾನದಲ್ಲೇ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿ, ಕನ್ನಡದಲ್ಲಿ ಧರ್ಮೋಪದೇಶ ಬರೆದಿದ್ದರು. ಕಥೋಲಿಕರ ಪ್ರಕಾರ ದೇವರ ಕೃಪೆ ಸಂಸ್ಕಾರಗಳ ಮೂಲಕ ಹರಿಯುತ್ತದೆ. ದೀಕ್ಷೆ, ಪಾಪನಿವೇದನೆ, ಪ್ರಾಯಶ್ಚಿತ್ತ ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ಪ್ರೊಟೆಸ್ಟಂಟ್ ಸುಧಾರಕ ಲೂಥರನ ಹಾದಿ ಹಿಡಿದವರಿಗೋ ನಂಬಿಕೆಯೊಂದೇ ಸಾಕು.

ಯುರೋಪಿನಲ್ಲೂ ಶಿಲುಬೆಗೆ ಒಂದೇ ಅರ್ಥ ಇರಲಿಲ್ಲ. ಆದಿಸಭೆಯ ಹಲವರು ಅದನ್ನು ಸೈತಾನನ ಮೇಲಿನ ಗೆಲುವೆಂದು ಕಂಡರು. 11ನೇ ಶತಮಾನದ ಕೊನೆಯಲ್ಲಿ ಧರ್ಮಶಾಸ್ತ್ರಜ್ಞ ಆನ್ಸೆಲ್ಮ್, ಮನುಷ್ಯ ದೇವರ ಗೌರವಕ್ಕೆ ತಂದ ಕುಂದನ್ನು ಕ್ರಿಸ್ತ ತುಂಬಿಕೊಟ್ಟನೆಂದು ವಾದಿಸಿದ. ಸುಧಾರಣೆಯ ಕಾಲದವರು ಅದಕ್ಕೆ ನ್ಯಾಯಾಲಯದ ರೂಪ ಕೊಟ್ಟರು: ಅಪರಾಧಿ ಮನುಷ್ಯ, ಶಿಕ್ಷೆ ಉಂಡವನು ಕ್ರಿಸ್ತ. ಬಳ್ಳಾರಿಗೆ ಬಂದದ್ದು ಬಹುಮಟ್ಟಿಗೆ ಈ ಕೊನೆಯ ರೂಪ.

1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಬಳ್ಳಾರಿಯ ಮುದ್ರಣಾಲಯ ಎಷ್ಟು ಸಮರ್ಥವಾಗಿತ್ತೆಂದರೆ, ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಪತ್ರಿಕೆ ಮರುವರ್ಷ ಇಲ್ಲಿಗೇ ಬಂದು ‘ಕನ್ನಡ ಸಮಾಚಾರ’ವಾಯಿತು.

ಶಿಲುಬೆಯ ಕುರಿತ ಈ ವಾದಕ್ಕೆ ದೇಸಿ ನೆಲೆ ಹುಡುಕಿದವರು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್. ನಿಘಂಟಿನಿಂದ ಹೆಸರಾದ ಅವರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿದರು. ‘ಯಜ್ಞಸುಧಾನಿಧಿ’ಯಲ್ಲಿ ವೈದಿಕ ಯಜ್ಞದ ವಿಚಾರವನ್ನೇ ಎತ್ತಿಕೊಂಡು, ಕ್ರಿಸ್ತನ ಬಲಿಯ ಕಡೆಗೆ ಓದುಗರನ್ನು ಕರೆದೊಯ್ಯಲು ನೋಡಿದರು. ಆದರೆ ಯಜ್ಞವನ್ನೇ ಬದಿಗಿಟ್ಟ ಶರಣರ ನಾಡಿನಲ್ಲಿ ಈ ದಾರಿ ಎಲ್ಲರನ್ನೂ ಮುಟ್ಟುವಂತಿರಲಿಲ್ಲ.

ಆ ಕೊರತೆಯನ್ನು ಅರಿತವರು ಉತ್ತಂಗಿ ಚನ್ನಪ್ಪ (1881–1962). ಅವರ ಮನೆತನದ ಹೆಸರು ಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮದ್ದು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದುಕೊಂಡೇ ಅವರು ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ, 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದರು. ಅವರ ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ಯ ಧಾಟಿ ಖಂಡನೆಯದಲ್ಲ, ಮಾತುಕತೆಯದು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. ಒಬ್ಬ ಪಾದ್ರಿಗೆ ಕನ್ನಡ ನಾಡು ಸಲ್ಲಿಸಿದ ದೊಡ್ಡ ಮನ್ನಣೆಯಿದು.

ಮುಂದಿನ ತಿರುವು ಬೆಂಗಳೂರಿನದು. ಅಲ್ಲಿಯ ಕ್ರೈಸ್ತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ. ಎಂ. ಥಾಮಸ್ 1971ರಲ್ಲಿ, ಆತ್ಮದ ರಕ್ಷಣೆಯನ್ನೂ ಮನುಷ್ಯ ಘನತೆಯ ಹೋರಾಟವನ್ನೂ ಬೇರೆ ಬೇರೆ ಮಾಡಲಾಗದೆಂದು ವಾದಿಸಿದರು. ಹಾಗಾದರೆ ಮನಪರಿವರ್ತನೆಗೂ ಸಭೆಗೂ ಏನು ಉಳಿಯಿತೆಂದು ಬಿಷಪ್ ಲೆಸ್ಲಿ ನ್ಯೂಬಿಗಿನ್ ಕೇಳಿದರು. 1980ರ ದಶಕದಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ವೇದಿಕೆಯಿಂದ ಎ. ಪಿ. ನಿರ್ಮಲ್ ದಲಿತ ಧರ್ಮಶಾಸ್ತ್ರದ ಮಾತೆತ್ತಿದರು. ಅಸ್ಪೃಶ್ಯತೆ ಅನುಭವಿಸಿದವನಿಗೆ ‘ನೀನು ಪಾಪಿ’ ಎಂದಷ್ಟೇ ಹೇಳಿದರೆ ಸಾಲದು. ಅವನ ಮೇಲೆ ನಡೆದದ್ದೂ ಪಾಪವೇ ಎಂಬ ಅರಿವು ಇಲ್ಲಿಂದ ಗಟ್ಟಿಯಾಯಿತು.

ಇತ್ತ ಹಳೆಯ ಜಗಳವೂ ಸಡಿಲಗೊಂಡಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ, ಮನುಷ್ಯ ನೀತಿವಂತನಾಗುವುದು ದೇವರ ಕೃಪೆಯಿಂದಲೇ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದರು. ಆದರೂ ಒಬ್ಬೊಬ್ಬರ ಪಶ್ಚಾತ್ತಾಪಕ್ಕೆ ಒತ್ತು ಕೊಡುವ ಬೋಧನೆಯೂ ಸಮಾಜದ ಬಿಡುಗಡೆಗೆ ಒತ್ತು ಕೊಡುವ ಚಿಂತನೆಯೂ ಇಂದಿಗೂ ಹೆಚ್ಚಾಗಿ ಬೇರೆ ಬೇರೆ ಹಾದಿಯಲ್ಲೇ ಸಾಗಿವೆ. ಎರಡನ್ನೂ ಕನ್ನಡದ ಅನುಭಾವದ ನೆಲೆಯಲ್ಲಿ ಕೂಡಿಸಬೇಕೆನ್ನುವವರು ಉತ್ತಂಗಿಯವರ ಧರ್ಮಚಿಂತನೆಯನ್ನು ಅವರ ಸರ್ವಜ್ಞ ಸಂಪಾದನೆಯಷ್ಟೇ ಶ್ರದ್ಧೆಯಿಂದ ಓದಬೇಕಾಗಿದೆ.