ಅನುಮಾನದಿಂದ ಪುರಾವೆಗೆ: ಬೆಂಗಳೂರು ಕಂಡ ಎರಡು ಸೋಂಕುಗಳು

ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ರಸ್ತೆಗಳನ್ನು ಹೊಗಳುವ ನಾವು ಅವುಗಳ ಹಿಂದಿರುವ ರೋಗಭಯವನ್ನು ಮರೆತಿದ್ದೇವೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗ್ ಕಿಕ್ಕಿರಿದ ಪೇಟೆ ಬೀದಿಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಗಾಳಿ ಬೆಳಕಿನ ಈ ಬಡಾವಣೆಗಳು ಬೆಳೆದದ್ದು ಆ ಪೆಟ್ಟಿನ ನಂತರ. 1892ರಲ್ಲಿ ರೂಪುಗೊಂಡಿದ್ದ ಚಾಮರಾಜಪೇಟೆಯ ಸಮೀಪ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆಯಿತು.

ಪ್ಲೇಗಿನ ರೋಗಾಣುವನ್ನು ವಿಜ್ಞಾನಿಗಳು 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರು. ಆದರೆ ಮನೆ ಬಾಗಿಲಿಗೆ ಬರುತ್ತಿದ್ದ ತಪಾಸಣೆಯವರಿಗೆ ಆಧಾರವಾಗಿದ್ದದ್ದು ಜ್ವರ, ಗಡ್ಡೆ ಮತ್ತು ಅನುಮಾನ. ಅನುಮಾನ ಬಂದರೆ ಸಾಕು, ಮನೆಮಂದಿಯೆಲ್ಲ ಊರಾಚೆಯ ಶಿಬಿರಕ್ಕೆ ಹೋಗಬೇಕಿತ್ತು. ಹೆದರಿದ ಜನ ರೋಗಿಗಳನ್ನು ಬಚ್ಚಿಟ್ಟರು. ರೋಗ ಮತ್ತಷ್ಟು ಹರಡಿತು.

ಸುಮಾರು ತೊಂಬತ್ತು ವರ್ಷಗಳ ನಂತರ ಇನ್ನೊಂದು ಸೋಂಕು ಬಂತು. 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಡಾ. ನಿರ್ಮಲಾ ಅವರು ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಮಾಡಿದರು. ಆಗ ಇದ್ದದ್ದು ಎಲೈಸಾ ಪರೀಕ್ಷೆ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕು, ಫಲಿತಾಂಶಕ್ಕೆ ಕಾಯಬೇಕು. ಬೆರಳ ತುದಿಯ ಒಂದು ಹನಿ ರಕ್ತದಿಂದ ಅರ್ಧ ಗಂಟೆಯೊಳಗೆ ಉತ್ತರ ಕೊಡುವ ತ್ವರಿತ ಪರೀಕ್ಷೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೂ ತಪಾಸಣೆ ಸಾಧ್ಯವಾಯಿತು.

ಈ ಉತ್ತರವನ್ನು ಎಷ್ಟು ನಂಬಬಹುದು? ಒಂದು ಲೆಕ್ಕ ಹಾಕೋಣ. ಹತ್ತು ಸಾವಿರ ಜನರಲ್ಲಿ 50 ಮಂದಿಗೆ ಸೋಂಕಿದೆ ಎಂದುಕೊಳ್ಳಿ. ಪರೀಕ್ಷೆ ಆ 50 ಮಂದಿಯನ್ನೂ ಹಿಡಿಯುತ್ತದೆ, ಆದರೆ ಸೋಂಕಿಲ್ಲದ ನೂರು ಜನರಲ್ಲಿ ಒಬ್ಬರನ್ನು ತಪ್ಪಾಗಿ ಸೋಂಕಿತರೆನ್ನುತ್ತದೆ. ಆಗ ಉಳಿದ 9,950 ಜನರಲ್ಲಿ ಸುಮಾರು ನೂರು ಮಂದಿಗೆ ಸುಳ್ಳು ಫಲಿತಾಂಶ ಬರುತ್ತದೆ. ‘ಸೋಂಕಿದೆ’ ಎನಿಸಿಕೊಂಡ 150 ಮಂದಿಯಲ್ಲಿ ಮೂರರಲ್ಲಿ ಎರಡು ಪಾಲು ನಿರೋಗಿಗಳು! ಪರೀಕ್ಷೆ ನೂರಕ್ಕೆ ತೊಂಬತ್ತೊಂಬತ್ತು ಸರಿ ಎಂಬ ಮಾತನ್ನಷ್ಟೇ ಕೇಳಿದವರಿಗೆ ಇದು ಹೊಳೆಯುವುದಿಲ್ಲ.

ಆದ್ದರಿಂದಲೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಒಂದೇ ಕಿಟ್ಟಿನ ಮೇಲೆ ತೀರ್ಪು ಕೊಡಬಾರದೆಂದು ನಿಯಮ ಮಾಡಿತು. ಮೊದಲನೆಯದು ಯಾವ ಸೋಂಕನ್ನೂ ಬಿಟ್ಟುಕೊಡದ ಕಿಟ್ ಆಗಿರಬೇಕು. ನಂತರದ ಎರಡು, ಬೇರೆ ಬೇರೆ ವಿಧಾನದವು, ಅದರ ಸುಳ್ಳನ್ನು ಸೋಸಬೇಕು. ರೋಗಲಕ್ಷಣವಿಲ್ಲದವರಿಗೆ ಮೂರೂ ಒಪ್ಪಿದರೆ ಮಾತ್ರ ಸೋಂಕಿದೆಯೆಂದು ಹೇಳಬೇಕು. ‘ಇಲ್ಲ’ ಎಂಬ ಉತ್ತರಕ್ಕೂ ಮಿತಿಯಿದೆ. ಈ ಕಿಟ್‌ಗಳು ಹುಡುಕುವುದು ಮುಖ್ಯವಾಗಿ ದೇಹ ತಯಾರಿಸುವ ಪ್ರತಿಕಾಯಗಳನ್ನು. ಸೋಂಕು ತಗುಲಿದ ಮೊದಲ ಕೆಲವು ವಾರ ಅವು ಸಿಗದೇ ಹೋಗಬಹುದು.

ಕಿಟ್ ಚೆನ್ನಾಗಿದ್ದರೂ ಕೈ ತಪ್ಪಬಹುದು. ತಂಪಿನಲ್ಲಿಡಬೇಕಾದದ್ದು ಬಿಸಿಲಿಗೆ ಸಿಕ್ಕರೆ, ಹೇಳಿದ ಸಮಯ ಮೀರಿ ಗೆರೆ ಓದಿದರೆ, ಎರಡು ಸೀಸೆಗಳ ಚೀಟಿ ಅದಲುಬದಲಾದರೆ ಫಲಿತಾಂಶ ಕೆಡುತ್ತದೆ. ಇದನ್ನು ತಡೆಯಲು ರಾಷ್ಟ್ರೀಯ ಉಲ್ಲೇಖ ಪ್ರಯೋಗಾಲಯಗಳ ಜಾಲವಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಅದರಲ್ಲೊಂದು. ಉತ್ತರ ಮೊದಲೇ ತಿಳಿದಿರುವ ಮಾದರಿಗಳನ್ನು ಈ ಜಾಲದ ಮೂಲಕ ಕೆಳಗಿನ ಪ್ರಯೋಗಾಲಯಗಳಿಗೆ ಕಳುಹಿಸಿ ಅವುಗಳ ಕೆಲಸವನ್ನು ಅಳೆಯಲಾಗುತ್ತದೆ. ಪರೀಕ್ಷಿಸುವವರಿಗೂ ಪರೀಕ್ಷೆ!

ಮದುವೆಗೆ ಮುನ್ನ ಎಲ್ಲರಿಗೂ ಪರೀಕ್ಷೆ ಕಡ್ಡಾಯವಾಗಲಿ ಎಂಬ ಕೂಗು ಹಲವು ರಾಜ್ಯಗಳಲ್ಲಿ ಎದ್ದಿದ್ದಾಗ ಈ ಲೆಕ್ಕವನ್ನು ನೋಡಿದವರು ಕಡಿಮೆ. ಸೋಂಕು ವಿರಳವಾಗಿರುವ ಜನರಲ್ಲಿ ಒಂದೇ ಗೆರೆಯನ್ನು ನಂಬಿದರೆ ಎಷ್ಟೋ ಮದುವೆಗಳು ಸುಳ್ಳಿಗೆ ಮುರಿಯುತ್ತವೆ. ಸರಿಯಾದ ಪರೀಕ್ಷೆಯಾದರೋ ಚಿಕಿತ್ಸೆಯ ಬಾಗಿಲು. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಉಚಿತ ಔಷಧ ಶುರುವಾದ ಮೇಲಂತೂ ತಪಾಸಣೆಯಿಂದ ದೂರ ಉಳಿಯುವುದೆಂದರೆ ಬದುಕನ್ನೇ ಕಳೆದುಕೊಳ್ಳುವುದಾಯಿತು.

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶವನ್ನು ಬಯಲು ಮಾಡಬಾರದು ಎಂಬುದು ಅದರ ತಿರುಳು. ಅನುಮಾನವನ್ನೇ ಪುರಾವೆಯೆಂದು ಎಣಿಸಿದಾಗ ಜನ ಅಡಗುತ್ತಾರೆ, ರೋಗ ಬೆಳೆಯುತ್ತದೆ ಎಂಬುದನ್ನು ಪ್ಲೇಗಿನ ಶಿಬಿರಗಳು ಈ ಊರಿಗೆ ಎಂದೋ ಕಲಿಸಿದ್ದವು. ಗೆರೆ ಓದುವ ಯಂತ್ರ ಇನ್ನಷ್ಟು ಸೂಕ್ಷ್ಮವಾಗಬಹುದು. ಆದರೆ ಅದರ ಮುಂದೆ ಕುಳಿತವರ ಮಾನವನ್ನು ಕಾಯುವ ಹೊಣೆ ನಮ್ಮದೇ.