ಮರಳುಗಾಡಿನಲ್ಲಿ ಬೇರುಬಿಟ್ಟ ವಿಶ್ವಾಸ: ಅಹ್ಮದಿಯ ಅರೇಬಿಯಾ ಮಾತೆಯ ದೇವಾಲಯ



ಮೂರು ರಾಯರ ಹಬ್ಬ ಕಳೆದ ಕೆಲವೇ ದಿನಗಳಲ್ಲಿ, ಇದೇ ಜನವರಿ ತಿಂಗಳಲ್ಲಿ, ಕೊಲ್ಲಿ ರಾಷ್ಟ್ರಗಳ ಕಥೋಲಿಕರು ಅರೇಬಿಯಾ ಮಾತೆಯ ಮಹೋತ್ಸವವನ್ನು ಆಚರಿಸುತ್ತಾರೆ. ಇಚಿಲಂಪಾಡಿ, ಕಡಬ, ನೆಲ್ಯಾಡಿ ಭಾಗದ ನಮಗೆ ಇದು ದೂರದ ಹಬ್ಬವಲ್ಲ. ನಮ್ಮ ಮಕ್ಕಳು ಆ ನಾಡಿನ ಆಸ್ಪತ್ರೆಗಳಲ್ಲಿ ದಾದಿಯರಾಗಿ, ಕಂಪೆನಿಗಳಲ್ಲಿ ನೌಕರರಾಗಿ ದುಡಿಯುತ್ತಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಬೇಕೆಂದೋ ಕುವೈತಿಗೆ ಹೊರಡುವ ಅಪ್ಪ ಅಮ್ಮಂದಿರು ಆಶೀರ್ವಾದ ಪಡೆಯಲು ದೇವಾಲಯಕ್ಕೆ ಬರುತ್ತಾರೆ. ಅಂಥವರಿಗೆ ನಾನು ಹೇಳುವ ಮಾತು ಒಂದೇ: ಅಂಗಡಿ, ಸಮುದ್ರತೀರ, ಎತ್ತರದ ಗೋಪುರ ಎಲ್ಲವನ್ನೂ ನೋಡಿ ಬನ್ನಿ, ಆದರೆ ಅಹ್ಮದಿಗೆ ಹೋಗದೆ ಬರಬೇಡಿ. ಏಕೆ ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇನೆ.

ಮರಳುಗಾಡು ನಮ್ಮ ವಿಶ್ವಾಸಕ್ಕೆ ಹೊಸದಲ್ಲ. ಇಸ್ರಯೇಲರು ನಲವತ್ತು ವರ್ಷ ನಡೆದದ್ದು ಅಲ್ಲಿ. ಪಂಚಾಶತ್ತಮ ದಿನ ಜೆರುಸಲೇಮಿನಲ್ಲಿ ನೆರೆದಿದ್ದವರಲ್ಲಿ ಅರಬರೂ ಇದ್ದರೆಂದು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತವೆ. ಮನಪರಿವರ್ತನೆಯಾದ ಬಳಿಕ ತಾನು ಅರೇಬಿಯಾಕ್ಕೆ ಹೋದೆನೆಂದು ಸಂತ ಪೌಲರು ಗಲಾತ್ಯದವರಿಗೆ ಬರೆದರು. ಕುವೈತಿನದೇ ಆದ ಫೈಲಕ ದ್ವೀಪದಲ್ಲಿ ಅಲ್ ಕುಸೂರ್ ಎಂಬ ಜಾಗವಿದೆ. 1989ರಲ್ಲಿ ಫ್ರಾನ್ಸಿನ ಪುರಾತತ್ವ ತಜ್ಞರು ಅಲ್ಲಿ ಒಂದು ಪ್ರಾಚೀನ ದೇವಾಲಯದ ಅವಶೇಷಗಳನ್ನು ಕಂಡರು. ಅದು ಪೂರ್ವ ಸಿರಿಯಾಕ್ ಸಂಪ್ರದಾಯದ ಕ್ರೈಸ್ತರ ನೆಲೆ. ನಮ್ಮ ಸಂತ ತೋಮಾಸರ ಕ್ರೈಸ್ತರಿಗೆ ಶತಮಾನಗಳ ಕಾಲ ಬಿಷಪರನ್ನು ಕಳುಹಿಸಿಕೊಟ್ಟದ್ದೂ ಇದೇ ಸಭೆ. ಸೀರೊ ಮಲಬಾರ್ ಕುಟುಂಬಗಳು ಇಂದು ಅರ್ಪಿಸುವ ಬಲಿಪೂಜೆಯ ಬೇರು ಅದೇ ಸಂಪ್ರದಾಯದಲ್ಲಿದೆ. ಹೀಗಿರುವಾಗ ನಮ್ಮ ಮಕ್ಕಳು ಅಲ್ಲಿ ಪೂರ್ತಿ ಪರಕೀಯರು ಎನ್ನಲಾಗದು.

ಇನ್ನು ಅಹ್ಮದಿಯ ಕಥೆಗೆ ಬರೋಣ. 1938ರಲ್ಲಿ ಕುವೈತಿನ ಬುರ್ಗಾನ್ ಎಂಬಲ್ಲಿ ತೈಲ ಸಿಕ್ಕಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಬಾವಿಗಳನ್ನು ಮುಚ್ಚಬೇಕಾಯಿತು. ಯುದ್ಧ ಮುಗಿದ ಮೇಲೆ, 1946ರ ಜೂನ್ 30ರಂದು, ಮೊದಲ ತೈಲ ಹಡಗು ಹೊರಟಿತು. ತೈಲ ಕಂಪೆನಿಯು ತನ್ನ ಕೆಲಸಗಾರರಿಗಾಗಿ ಬರೀ ಮರಳಿದ್ದ ದಿಬ್ಬದ ಮೇಲೆ ಕಟ್ಟಿದ ಊರೇ ಅಹ್ಮದಿ. ಆಗಿನ ಅರಸ ಶೇಖ್ ಅಹ್ಮದರ ಹೆಸರನ್ನೇ ಅದಕ್ಕೆ ಇಟ್ಟರು. ಗುಮಾಸ್ತರು, ಮೆಕ್ಯಾನಿಕರು, ಅಡುಗೆಯವರು, ದಾದಿಯರು ಹೀಗೆ ಎಲ್ಲ ಬಗೆಯ ಕೆಲಸಕ್ಕೆ ಜನ ಬೇಕಿತ್ತು. ಮುಂಬಯಿಯಿಂದ ಹಡಗು ಹತ್ತಿ ಹೋದ ಭಾರತೀಯರಲ್ಲಿ ಗೋವಾ, ಮಂಗಳೂರು, ಕೇರಳಗಳ ಕಥೋಲಿಕರಿದ್ದರು. ಮುಂಬಯಿಗೂ ಕೊಲ್ಲಿಯ ಬಂದರುಗಳಿಗೂ ನಡುವೆ ಓಡಾಡುತ್ತಿದ್ದ ‘ದ್ವಾರಕಾ’ ಎಂಬ ಹಡಗಿನ ಹೆಸರು ಹಿರಿಯರಿಗೆ ನೆನಪಿರಬಹುದು. ಅದು 1982ರವರೆಗೆ ಸಂಚರಿಸಿತು. ಕುವೈತಿನಲ್ಲಿ 1961ರವರೆಗೆ ಚಲಾವಣೆಯಲ್ಲಿದ್ದದ್ದೂ ರೂಪಾಯಿಯೇ. ದಿನಾರ್ ಬಂದದ್ದು ಆ ಬಳಿಕ.

ಈ ಕೆಲಸಗಾರರಿಗೆ ಸಂಬಳ ಸಿಕ್ಕಿತು, ಮಲಗಲು ಜಾಗ ಸಿಕ್ಕಿತು. ಆದರೆ ಬಲಿಪೂಜೆ ಇರಲಿಲ್ಲ. ಆಗ ಅವರ ನೆರವಿಗೆ ಬಂದವರು ಕಾರ್ಮೆಲ್ ಸಭೆಯ ಗುರುಗಳು. 1948ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಅಹ್ಮದಿಯಲ್ಲಿ ಒಂದು ಪುಟ್ಟ ಪ್ರಾರ್ಥನಾಲಯ ಆರಂಭವಾಯಿತು. ಅರೇಬಿಯಾ ಮಾತೆಯ ಪ್ರತಿಮೆಯನ್ನು 1949ರ ಡಿಸೆಂಬರಿನಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಆಶೀರ್ವದಿಸಿದರು. ಮರುವರ್ಷ ಅದು ಕುವೈತನ್ನು ಸೇರಿತು. 1953ರಲ್ಲಿ ಕುವೈತ್ ಪ್ರತ್ಯೇಕ ಪ್ರೇಷಿತ ಆಡಳಿತ ಪ್ರದೇಶವಾಯಿತು. ಕಾರ್ಮೆಲ್ ಸಭೆಯ ತೆಯೊಫಾನೊ ಸ್ಟೆಲ್ಲಾ ಅದರ ಮೊದಲ ಹೊಣೆ ಹೊತ್ತರು. 1956ರಲ್ಲಿ ಈಗಿನ ದೇವಾಲಯ ಎದ್ದುನಿಂತಿತು. 1957ರಲ್ಲಿ ಅರೇಬಿಯಾ ಮಾತೆಯನ್ನು ಆ ನಾಡಿನ ಪಾಲಕಿಯೆಂದು ಜಗದ್ಗುರುಗಳು ಘೋಷಿಸಿದರು.

1960ರಲ್ಲಿ ಈ ಪ್ರತಿಮೆಗೆ ಕಿರೀಟಧಾರಣೆ ನಡೆಯಿತು. ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರ ಹೆಸರಿನಲ್ಲಿ ಕಿರೀಟ ತೊಡಿಸಿದವರು ಯಾರು ಗೊತ್ತೇ? ಮುಂಬಯಿಯ ಮಹಾಧರ್ಮಾಧ್ಯಕ್ಷರಾಗಿದ್ದ, ಭಾರತದ ಪ್ರಪ್ರಥಮ ಕಾರ್ಡಿನಲ್ ವಲೇರಿಯನ್ ಗ್ರೇಶಿಯಸ್. ಯೂರೋಪಿನ ಗುರುಗಳು ಸ್ಥಾಪಿಸಿದ ದೇವಾಲಯದಲ್ಲಿ ಭಾರತದ ಕೈಗಳು ಮಾತೆಗೆ ಕಿರೀಟ ತೊಡಿಸಿದವು. ಆ ಸಭೆಯ ಮುಂದಿನ ಮುಖ ಹೇಗಿರುತ್ತದೆ ಎಂಬುದಕ್ಕೆ ಅದು ಸೂಚನೆಯೇ ಆಗಿತ್ತು. ಮಂಗಳೂರಿನಲ್ಲಿ 1870ರಲ್ಲಿ ನೆಲೆಯೂರಿದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರೂ ಮುಂದೆ ಕುವೈತಿಗೆ ಹೋಗಿ ಕಾರ್ಮೆಲ್ ಶಾಲೆಯನ್ನು ನಡೆಸಿದರು. 2025ರಲ್ಲಿ ಅಹ್ಮದಿಯ ದೇವಾಲಯಕ್ಕೆ ಕಿರು ಬಸಿಲಿಕದ ಗೌರವ ದೊರೆಯಿತು. ನಮ್ಮ ಅತ್ತೂರಿನ ಸಂತ ಲಾರೆನ್ಸರ ದೇವಾಲಯಕ್ಕೆ 2016ರಲ್ಲಿ ದೊರೆತ ಗೌರವವೇ ಇದು.

ಕಷ್ಟದ ದಿನಗಳೂ ಬಂದವು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ದಾರಿಯಾಗಿ ವಿಮಾನದಲ್ಲಿ ಮುಂಬಯಿ ಸೇರಿದರು. ಅನೇಕರ ಕೈಯಲ್ಲಿದ್ದದ್ದು ಒಂದು ಚೀಲ ಮಾತ್ರ. 1991ರಲ್ಲಿ ಹಿಂದೆ ಸರಿದ ಸೇನೆ ಆರು ನೂರಕ್ಕೂ ಹೆಚ್ಚು ತೈಲ ಬಾವಿಗಳಿಗೆ ಬೆಂಕಿ ಹಚ್ಚಿತು. ಕೊನೆಯ ಬೆಂಕಿ ಆರಿದ್ದು ಆ ವರ್ಷದ ನವೆಂಬರಿನಲ್ಲಿ. ಇಷ್ಟಾದರೂ ಜನರು ಮರಳಿ ಹೋದರು, ದೇವಾಲಯಗಳು ಮತ್ತೆ ತುಂಬಿದವು.

ಈ ಕಥೆ ನಮ್ಮೂರಿನ ಕಥೆಯಂತೆ ಕೇಳಿಸುವುದಿಲ್ಲವೇ? ಕಳೆದ ಶತಮಾನದಲ್ಲಿ ತಿರುವಾಂಕೂರಿನಿಂದ ಮಲಬಾರಿಗೂ ಅಲ್ಲಿಂದಾಚೆ ನಮ್ಮ ಈ ಮಲೆನಾಡಿನ ಅಂಚಿಗೂ ಬಂದ ಅಜ್ಜ ಅಜ್ಜಿಯಂದಿರು ಕಾಡು ಕಡಿದರು, ಮರಗೆಣಸು ನೆಟ್ಟು ಹೊಟ್ಟೆ ಹೊರೆದರು, ಮಲೇರಿಯಾಕ್ಕೆ ಮಕ್ಕಳನ್ನು ಕಳೆದುಕೊಂಡರು. ಅವರು ಬಂದಾಗ ಇಲ್ಲಿ 1999ರ ಬೆಳ್ತಂಗಡಿ ಧರ್ಮಪ್ರಾಂತ್ಯವೂ ಇರಲಿಲ್ಲ, 2010ರ ಪುತ್ತೂರು ಧರ್ಮಪ್ರಾಂತ್ಯವೂ ಇರಲಿಲ್ಲ. ಜಪಮಾಲೆಯೊಂದೇ ಅವರ ದೇವಾಲಯ. ಅವರು ಕಾಡಿನಲ್ಲಿ ಮಾಡಿದ್ದನ್ನೇ ಅಹ್ಮದಿಯವರು ಮರಳಿನಲ್ಲಿ ಮಾಡಿದರು. ಎರಡೂ ಕಡೆ ಮೊದಲು ಬಂದದ್ದು ಭಕ್ತರ ಮನೆಯ ಪ್ರಾರ್ಥನೆ. ಕಲ್ಲಿನ ಕಟ್ಟಡ ಬಂದದ್ದು ಆಮೇಲೆ.

ಆದುದರಿಂದ ಅಹ್ಮದಿಯ ಭೇಟಿಯನ್ನು ಯೋಚಿಸಿ ಸಿದ್ಧಪಡಿಸಿಕೊಳ್ಳಿ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಬೇಸಿಗೆಯಲ್ಲಿ ಬಿಸಿಲು 50 ಡಿಗ್ರಿ ಮುಟ್ಟುವುದರಿಂದ ವಯಸ್ಸಾದವರು ಆಗ ಹೋಗದಿರುವುದು ಲೇಸು. ಅಹ್ಮದಿಯು ಕುವೈತ್ ನಗರದಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್. ಅಲ್ಲಿ ವಾರದ ರಜೆ ಶುಕ್ರವಾರವಾದುದರಿಂದ ಹೆಚ್ಚಿನ ಭಕ್ತರು ಸೇರುವುದೂ ಅಂದೇ. ಮನೆಗೆ ಬೇಗ ಹಿಂತಿರುಗುವ ಅವಸರವಿಲ್ಲದಂತೆ ದಿನವನ್ನು ಗೊತ್ತುಮಾಡಿ. ವೀಸಾದ ನಿಯಮಗಳು ಆಗಾಗ ಬದಲಾಗುತ್ತವೆ. ಆ ಪ್ರದೇಶದ ಪರಿಸ್ಥಿತಿಯನ್ನೂ ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಆ ದೇಶದ ಕಾನೂನು, ಉಡುಪಿನ ಮರ್ಯಾದೆ, ರಮ್ಜಾನ್ ತಿಂಗಳ ಉಪವಾಸದ ನಿಯಮ ಇವನ್ನು ಗೌರವಿಸಿ. ದೇವಾಲಯ ಕಟ್ಟಲು ಜಾಗ ಕೊಟ್ಟ ಮುಸ್ಲಿಂ ನಾಡು ಅದು ಎಂಬುದನ್ನು ಕೃತಜ್ಞತೆಯಿಂದ ನೆನೆಯಿರಿ.

ಇನ್ನೊಂದು ಮಾತು. ಅಹ್ಮದಿ ಪ್ರಾಂತ್ಯದಲ್ಲೇ ಮಂಗಾಫ್ ಎಂಬ ಊರಿದೆ. 2024ರ ಜೂನ್ 12ರ ನಸುಕಿನಲ್ಲಿ ಅಲ್ಲಿ ಕೆಲಸಗಾರರ ವಸತಿ ಕಟ್ಟಡಕ್ಕೆ ಬೆಂಕಿ ತಗಲಿ ಕನಿಷ್ಠ 45 ಮಂದಿ ಭಾರತೀಯರು ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಕೇರಳದ ಮನೆಗಳ ಮಕ್ಕಳು. ಅವರು ಕಳುಹಿಸುತ್ತಿದ್ದ ಹಣ ಊರಿಗೆ ತಲುಪುತ್ತಿತ್ತು. ಅವರು ಮಲಗುತ್ತಿದ್ದ ಕೋಣೆ ಹೇಗಿತ್ತೆಂದು ಎಷ್ಟು ಮನೆಯವರಿಗೆ ಗೊತ್ತಿತ್ತು? ನೀವು ಹೋದಾಗ ಮಾತೆಯ ಮುಂದೆ ಆ ಮಕ್ಕಳಿಗಾಗಿ ಒಂದು ಮೇಣದಬತ್ತಿ ಹಚ್ಚಿ. ಆಮೇಲೆ ನಿಮ್ಮ ಮಗನು ಮಲಗುವ ಕೋಣೆಯನ್ನು ಕಣ್ಣಾರೆ ನೋಡಿ. ಎಷ್ಟು ಮಂದಿ ಇದ್ದಾರೆ, ಹೊರಹೋಗುವ ಬಾಗಿಲು ಎಲ್ಲಿದೆ, ಅವನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾನೆಯೇ ಎಂದು ಕೇಳಿ. ಹಾಗೆ ಕೇಳುವುದೂ ಪ್ರಾರ್ಥನೆಯೇ.

ಹೋಗಲಾಗದವರೂ ಮಾಡಬಹುದಾದ ಕೆಲಸವೊಂದಿದೆ. ಹಡಗಿನಲ್ಲಿ ಹೋದವರು, 1990ರಲ್ಲಿ ಬರಿಗೈಯಲ್ಲಿ ಬಂದವರು ಈಗ ನಮ್ಮ ನಡುವೆ ಕಡಿಮೆಯಾಗುತ್ತಿದ್ದಾರೆ. ಕಾಡು ಕಡಿದವರಂತೂ ಬೆರಳೆಣಿಕೆಯಷ್ಟು. ದೇವರು ಮರಳುಗಾಡಿನಲ್ಲಿ ನಡೆಸಿದ ದಾರಿಯನ್ನು ಮರೆಯಬೇಡಿರಿ ಎಂದು ಮೋಶೆ ಜನರಿಗೆ ಬುದ್ಧಿ ಹೇಳಿದ್ದು, ಅವರು ಹೊಸ ನಾಡಿನಲ್ಲಿ ಉಂಡು ತೃಪ್ತರಾದಾಗ ಮರೆತುಬಿಡುವರೆಂದೇ. ಈ ವಾರ ಸಂಜೆಯ ಜಪಸರ ಮುಗಿದ ಮೇಲೆ ನಿಮ್ಮ ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ಎಲ್ಲಿಂದ ಬಂದಿರಿ, ಯಾರು ಜೊತೆಗಿದ್ದರು, ಮೊದಲ ಬಲಿಪೂಜೆ ಎಲ್ಲಿ ನಡೆಯಿತು ಎಂದು ಕೇಳಿ. ಮಕ್ಕಳ ಕೈಯಿಂದ ಒಂದು ನೋಟ್ ಪುಸ್ತಕದಲ್ಲಿ ಬರೆಸಿಡಿ.

ಅರೇಬಿಯಾ ಮಾತೆಯು ಮನೆಯಿಂದ ದೂರವಿರುವ ನಮ್ಮ ಎಲ್ಲ ಮಕ್ಕಳನ್ನು ಕಾಪಾಡಲಿ.